ಹೆನ್ನಿಂಗನ ಬದಲು ಮಲಗಿದವನು

ಹೆನ್ನಿಂಗ್ ತನ್ನ ಐವತ್ಮೂರು ವರ್ಷದ ಬಾಳಿನಲ್ಲಿ ಯಾರಿಗೂ ‘ಆಗಲ್ಲ’ ಎಂದವನಲ್ಲ. ಸ್ವೀಡನ್ನಿನ ಆ ಊರಿನವರು ಇದನ್ನು ಒಳ್ಳೆಯತನ ಎಂದರು. ಪುರಸಭೆಯ ಮೇಲಧಿಕಾರಿ ದಕ್ಷತೆ ಎಂದ. ಹೆಂಡತಿ ಡಾಗ್ನಿ ಮಾತ್ರ ಮೊದಲಿನಿಂದಲೂ ಇದು ರೋಗ ಎನ್ನುತ್ತಿದ್ದಳು. ಕೊನೆಗೆ ಡಾಕ್ಟರೂ ಡಾಗ್ನಿಯ ಪಕ್ಷ ಸೇರಿದರು.

ಪುರಸಭೆಯಲ್ಲಿ ಬೇಲಿಗಳಿಗೂ ಹಿತ್ತಲಿನ ಷೆಡ್ಡುಗಳಿಗೂ ಪರವಾನಗಿ ಕೊಡುವ ಮೇಜು ಅವನದು. ಪಕ್ಕದ ಮೇಜಿನವಳು ಬಾಣಂತನಕ್ಕೆ ಹೋದಾಗ ಅವಳ ಪಾಲಿನ ಜಗಲಿಗಳು ಇವನ ಮೇಜಿಗೆ ಬಂದವು. ಎದುರು ಮೇಜಿನವನು ನಿವೃತ್ತನಾದಾಗ ಅವನ ಚರಂಡಿಗಳೂ ಬಂದವು. ಇದರ ಮೇಲೆ ವಸತಿ ಸಂಘದ ಮನೆಗಳೆಲ್ಲ ಹಂಚಿಕೊಳ್ಳುವ ಬಟ್ಟೆ ಒಗೆಯುವ ಕೋಣೆಯ ಸರದಿ ಪಟ್ಟಿ, ಚರ್ಚಿನ ಗಾಯಕರಿಗೆ ಕುರ್ಚಿ ಹಾಕುವುದು, ಆಮೇಲೆ ಅದೇ ಕುರ್ಚಿಗಳನ್ನು ತೆಗೆಯುವುದು. ಒಂದು ಜನವರಿ ಸಂಜೆ ಮೊಸರು ತರಲು ಹೋದವನು ಅಂಗಡಿಯ ಕಪಾಟಿನ ಮುಂದೆ ಐವತ್ತು ನಿಮಿಷ ನಿಂತುಬಿಟ್ಟ. ಅಲ್ಲಿ ಹದಿನೇಳು ಬಗೆಯ ಮೊಸರಿತ್ತು. ಒಂದನ್ನು ತೆಗೆದುಕೊಂಡರೆ ಉಳಿದ ಹದಿನಾರಕ್ಕೆ ಏನನ್ನಿಸೀತು ಎಂಬ ಯೋಚನೆ ಅವನಿಗೆ ಹತ್ತಿಕೊಂಡಿತ್ತು. ಡಾಗ್ನಿ ಹುಡುಕಿಕೊಂಡು ಬಂದಾಗ ಅವನು ಕಣ್ಣೀರು ಸುರಿಸುತ್ತ, ದಾರಿಗೆ ಅಡ್ಡ ನಿಂತಿದ್ದಕ್ಕೆ ಹೋಗಿಬರುವವರ ಕ್ಷಮೆ ಕೇಳುತ್ತಿದ್ದ.

“ಒತ್ತಡದಲ್ಲಿ ಬಳಲಿ ಬೆಂಡಾಗಿದಾನೆ,” ಎಂದರು ಡಾಕ್ಟರು. “ಇದಕ್ಕೆ ಮಾತ್ರೆ ಬೇಡ, ತೋಟ ಬೇಕು. ಈಗ್ಲೇ ವಾಪಸ್ ಆ ಮೇಜಿಗೆ ಕಳಿಸಿದ್ರೆ, ಮುಂದಿನ ಸಲ ಮೊಸರಿನ ಮುಂದೆ ನಿಂತ್ಕೊಳಲ್ಲ, ಬಿದ್ದೇ ಹೋಗ್ತಾನೆ.”

ಊರಾಚೆ ಒಂದು ಚಿಕಿತ್ಸೆಯ ತೋಟವಿತ್ತು. ಹನ್ನೆರಡು ವಾರದ ಚಿಕಿತ್ಸೆ. ಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಮಲಗಬೇಕು, ಮಣ್ಣಿನ ವಾಸನೆ ಕುಡಿಯಬೇಕು, ಮನಸ್ಸಾದರೆ ಒಂದು ಕಳೆ ಕೀಳಬೇಕು, ಆಗದಿದ್ದರೆ ಅದನ್ನೂ ಬಿಡಬೇಕು. ಕಾಯಿಲೆಯ ರಜೆಗೆ ಹಣ ಕೊಡುವ ವಿಮಾ ಕಚೇರಿಯ ಕಾಯ್ಸಾ ಎಂಬಾಕೆ ಇದಕ್ಕೆ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ನಾಲ್ಕು ವಾರದ ಮೇಲೆ ತಾನೇ ಬಂದು ನೋಡುತ್ತೇನೆ, ಕೆಲಸ ಮಾಡಬಲ್ಲ ಅನ್ನಿಸಿದರೆ ಅದರ ಮುಂದಿನ ಸೋಮವಾರವೇ ಪುರಸಭೆಗೆ ಕಳಿಸುತ್ತೇನೆ ಎಂದಳು. ಆ ಮೇಜು ನೆನಪಾದರೆ ಸಾಕು, ಹೆನ್ನಿಂಗ್ ಎದುರಿಗಿದ್ದವರ ಕ್ಷಮೆ ಕೇಳಲು ಶುರುಮಾಡುತ್ತಿದ್ದ.

ತೋಟದ ಮುಖ್ಯಸ್ಥೆಯ ಹೆಸರು ಇಲ್ವಾ. ಇಪ್ಪತ್ಮೂರು ವರ್ಷದ ಅನುಭವ. ಬಂದವರ ಕಡತವನ್ನು ಮೊದಲ ನಾಲ್ಕು ವಾರ ತೆರೆಯಬಾರದು ಎನ್ನುವುದು ಅವಳ ಸಿದ್ಧಾಂತ. ಕಾಗದ ಓದಿದವರಿಗೆ ಮನುಷ್ಯ ಕಾಣಿಸುವುದಿಲ್ಲ ಎಂದು ಎರಡು ಸಮ್ಮೇಳನಗಳಲ್ಲಿ ಭಾಷಣವನ್ನೂ ಮಾಡಿದ್ದಳು. ಬಳಲಿದವರನ್ನು ಗೇಟಿನಿಂದಲೇ ಗುರುತಿಸುತ್ತೇನೆ ಎಂಬ ಹೆಮ್ಮೆ ಅವಳಿಗಿತ್ತು, ಆ ಹೆಮ್ಮೆಗೆ ಅಲ್ಲಿಯವರೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ.

ಏಪ್ರಿಲ್‌ನ ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿಗೆ ಇಬ್ಬರು ಬರಬೇಕಿತ್ತು. ಒಬ್ಬ ರೋಗಿ ಹೆನ್ನಿಂಗ್. ಇನ್ನೊಬ್ಬ ಟೂರೆ. ಅಲ್ಲಿನ ಕಾಯಂ ತೋಟಗಾರ ತನ್ನ ಕೂಸನ್ನು ನೋಡಿಕೊಳ್ಳಲು ಆರು ತಿಂಗಳ ರಜೆ ಹಾಕಿದ್ದರಿಂದ, ಅವನ ಬದಲಿಗೆ ದೂರದ ಉತ್ತರದಿಂದ ಕರೆಸಿದ ತೋಟಗಾರ. ಇಬ್ಬರ ಮುಖವನ್ನೂ ಇಲ್ವಾ ಕಂಡಿರಲಿಲ್ಲ.

ಹೆನ್ನಿಂಗ್ ಎಂಟೂ ಮೂವತ್ತೈದಕ್ಕೇ ಬಂದ. ಕೈಯಲ್ಲಿ ಊಟದ ಡಬ್ಬಿ, ಜೇಬಿನಲ್ಲಿ ಸ್ವಂತ ಕೈಗವಸು. ಸುಮ್ಮನೆ ನಿಂತಿರುವುದು ಸರಿಯಲ್ಲವೆಂದು, ಗೇಟಿಗೆ ಒರಗಿಸಿದ್ದ ಪೊರಕೆ ತೆಗೆದುಕೊಂಡು ಮೆಟ್ಟಿಲು ಗುಡಿಸತೊಡಗಿದ. ಕಿಟಕಿಯಿಂದ ಇದನ್ನು ಕಂಡ ಇಲ್ವಾ ಓಡಿಬಂದು ಅವನನ್ನು ಅಪ್ಪಿಕೊಂಡಳು.

“ಟೂರೆ! ಅಂತೂ ಬಂದ್ಯಲ್ಲ ಪುಣ್ಯಾತ್ಮ! ಎರಡು ವಾರದಿಂದ ತೋಟಗಾರನ ಕೆಲಸಾನೂ ನಾನೇ ಮಾಡಿ ಸೊಂಟ ಬಿದ್ದೋಗಿದೆ.”

ಹೆನ್ನಿಂಗ್ ಬಾಯಿ ತೆರೆದ. ಅವಳ ಮುಖದಲ್ಲಿ ಅಷ್ಟೊಂದು ಸಂತೋಷವಿತ್ತು. ಅದನ್ನು ಕೆಡಿಸಲು ತಾನು ಯಾರು? ಕಾಫಿಯ ಹೊತ್ತಿಗೆ ಹೇಳಿದರಾಯಿತು ಎಂದುಕೊಂಡು ಬಾಯಿ ಮುಚ್ಚಿದ. ಅವಳು ಕೊಟ್ಟ ಹಸಿರು ಏಪ್ರನ್ನು ಕಟ್ಟಿಕೊಂಡು, ತೋರಿಸಿದ ಕೈಗಾಡಿಯನ್ನು ಹಿಡಿದು ಗೊಬ್ಬರದ ಗುಡ್ಡೆಯ ಕಡೆಗೆ ನಡೆದ.

ನಿಜವಾದ ಟೂರೆ ಬಂದಿದ್ದು ಒಂಬತ್ತೂ ಹನ್ನೆರಡಕ್ಕೆ. ಸ್ವೀಡನ್ನಿನಲ್ಲಿ ಹನ್ನೆರಡು ನಿಮಿಷ ತಡವೆಂದರೆ ಅರ್ಧ ರೋಗ ಅಲ್ಲೇ ಗೊತ್ತಾದಂತೆ. ಹದಿನಾರು ಗಂಟೆ ರೈಲಿನಲ್ಲಿ ಕೂತು ಬಂದಿದ್ದರಿಂದ ತಲೆಗೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು. ಗೇಟಿನ ಪಕ್ಕದ ಸೇಬಿನ ಮರಕ್ಕೆ ಹುಣ್ಣು ಹತ್ತಿದ್ದನ್ನು ಕಂಡು ಅವನು ತೊಗಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದ. ಇಲ್ವಾ ಹೆಜ್ಜೆ ಸಪ್ಪಳವಾಗದಂತೆ ಹತ್ತಿರ ಬಂದಳು.

“ಹೆನ್ನಿಂಗ್, ಇಲ್ಲಿ ತನಕ ಬರೋದು ತುಂಬಾ ಕಷ್ಟ ಆಯ್ತಾ?”

ರೈಲಿನ ಪ್ರಯಾಣ ಕಷ್ಟವೇ ಆಗಿತ್ತು. ಟೂರೆ ಉತ್ತರದವರ ರೂಢಿಯಂತೆ ಬಾಯಿ ಚೂಪು ಮಾಡಿ ‘ಷುಪ್’ ಎಂದು ಗಾಳಿಯನ್ನು ಒಳಗೆಳೆದುಕೊಂಡ. ಅವರ ಕಡೆ ಹೌದು ಎನ್ನುವುದು ಹಾಗೆಯೇ. ಇದು ದೇಶಕ್ಕೆಲ್ಲ ಗೊತ್ತಿರುವ ಸಂಗತಿ. ಆದರೆ ಉಸಿರಾಟದ ಬಗ್ಗೆ ನಾಲ್ಕು ವರ್ಷ ತರಬೇತಿ ಪಡೆದವರಿಗೆ ದೇಶಕ್ಕೆಲ್ಲ ಗೊತ್ತಿರುವುದು ಮರೆತುಹೋಗುತ್ತದೆ. ಉಸಿರು ಸಿಗದೆ ಒದ್ದಾಡುತ್ತಿದ್ದಾನೆ ಎಂದುಕೊಂಡಳು ಇಲ್ವಾ.

“ಅಲ್ಲ, ನಾನು...” ಎಂದು ಶುರುಮಾಡಿದ ಟೂರೆ.

“ಶ್! ಇಲ್ಲಿ ಯಾರೂ ಏನೂ ಹೇಳ್ಬೇಕಿಲ್ಲ. ಬಾ, ಮಲಗು.”

ಕಂಬಳಿ ಹೊದಿಸಿ ಅವನನ್ನು ಜೋಲಿಯಲ್ಲಿ ಮಲಗಿಸಲಾಯಿತು. ದಕ್ಷಿಣದಲ್ಲಿ ಹೊಸ ನೌಕರರಿಗೆ ಭಾರಿ ಪರಿಚಯ ಕಾರ್ಯಕ್ರಮ ಮಾಡುತ್ತಾರೆ ಎಂದು ಟೂರೆ ಕೇಳಿದ್ದ. ಮೊದಲು ರೋಗಿಗಳ ಅನುಭವ ಮಾಡಿಸುತ್ತಾರೆ ಅಂತ ಕಾಣುತ್ತದೆ, ಹೆಸರನ್ನು ಸಂಜೆ ಸರಿಮಾಡಿಸಿದರಾಯಿತು ಎಂದುಕೊಂಡು ಕಣ್ಣು ಮುಚ್ಚಿದ.

ಕಾಫಿಯ ಹೊತ್ತಿಗೆ ಹೇಳಲೆಂದೇ ಹೆನ್ನಿಂಗ್ ಬಂದ. ಆದರೆ ಇಲ್ವಾ ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ಎತ್ತಿಹಿಡಿದು, “ಇದೆಲ್ಲ ನಮ್ಮ ಟೂರೆ ಬಂದ ಖುಷಿಗೆ,” ಎಂದುಬಿಟ್ಟಳು. ತನ್ನ ಹೆಸರಿನಲ್ಲಿ ಬೆಂದ ಬನ್ನನ್ನು ತಿನ್ನುತ್ತ ಅದು ತನ್ನ ಹೆಸರಲ್ಲ ಎನ್ನುವುದು ಹೇಗೆ? ಬುಧವಾರ ಹೇಳೋಣವೆಂದರೆ ಅವತ್ತು ಅವಳ ಹುಟ್ಟುಹಬ್ಬ. ಗುರುವಾರ ಮಳೆ, ಎಲ್ಲರ ಮುಖವೂ ಸಪ್ಪಗಿತ್ತು. ಶುಕ್ರವಾರ ಕೆಟ್ಟ ಸುದ್ದಿ ಕೊಟ್ಟು ಒಬ್ಬರ ಶನಿವಾರ ಭಾನುವಾರ ಹಾಳುಮಾಡುವುದು ಸಭ್ಯರ ಲಕ್ಷಣವಲ್ಲ. ಹೀಗೆ ಒಂದು ವಾರ ಕಳೆಯಿತು.

ಟೂರೆಯೇನೂ ಸುಮ್ಮನಿರಲಿಲ್ಲ. ಅವನು ದಿನಕ್ಕೆ ಮೂರು ವಾಕ್ಯಕ್ಕಿಂತ ಹೆಚ್ಚು ಆಡುವವನಲ್ಲ, ಆದರೂ ಮೂರನೆಯ ದಿನ ಮೂರನ್ನೂ ಒಟ್ಟಿಗೇ ಖರ್ಚು ಮಾಡಿದ.

“ನಾನು ಹೆನ್ನಿಂಗ್ ಅಲ್ಲ. ನಾನು ಟೂರೆ. ತೋಟಗಾರ.”

ಇಲ್ವಾ ಅವನ ಎರಡೂ ಕೈ ಹಿಡಿದುಕೊಂಡಳು. “ಹೌದಪ್ಪ. ಇಲ್ಲಿ ನಾವೆಲ್ಲ ತೋಟಗಾರರೇ.”

ಅವತ್ತು ಅವಳು ತನ್ನ ಪುಸ್ತಕದಲ್ಲಿ ಬರೆದಳು: ‘ರೋಗಿ ಒಬ್ಬ ಆರೋಗ್ಯವಂತನನ್ನು ನೋಡಿ ಅವನ ಹೆಸರನ್ನೇ ಹಿಡಿದುಕೊಂಡಿದ್ದಾನೆ. ಶುಭ ಲಕ್ಷಣ. ಎದುರಾಡಬಾರದು.’ ಮಾರನೆಯ ದಿನ ಟೂರೆ ಅದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿದ. “ಕೋಪ ಹೊರಗೆ ಬರ್ತಿದೆ, ಬರ್ಲಿ ಬಿಡಿ,” ಎಂದು ಅವಳು ಅವನಿಗೆ ಗುದ್ದಲು ಒಂದು ದಿಂಬನ್ನೂ ಹೊದೆಯಲು ಇನ್ನೊಂದು ಕಂಬಳಿಯನ್ನೂ ಕೊಡಿಸಿದಳು.

ಇತ್ತ ಹೆನ್ನಿಂಗ್ ತೋಟಗಾರಿಕೆಗೆ ಕೈಹಾಕಿದ. ಬೇಲಿಯ ವಿಷಯ ಬಿಟ್ಟರೆ ತೋಟದ ಬಗ್ಗೆ ಅವನಿಗೆ ತಿಳಿದಿದ್ದು ಸೊನ್ನೆ. ಪಿಯೋನಿ ಹೂಗಿಡಗಳ ಮೊಳಕೆ ಹುಟ್ಟುತ್ತಲೇ ಕೆಂಪಗಿರುತ್ತದೆ, ಅದನ್ನು ಕಂಡು ರೋಗ ಬಂದಿದೆಯೆಂದು ಮರುಕಪಟ್ಟು ಬುಡಸಮೇತ ಕಿತ್ತ. ಸೇಬಿನ ಮರಗಳಲ್ಲಿ ಹಣ್ಣು ಬಿಡುವ ಕುಡಿಗಳನ್ನೆಲ್ಲ ಕತ್ತರಿಸಿ ಕೊಂಬೆಗಳನ್ನು ನುಣುಪು ಮಾಡಿದ. ಈರುಳ್ಳಿ ಗಡ್ಡೆಗಳನ್ನು ಟೇಪು ಹಿಡಿದು ಅಳೆದು, ಷೆಡ್ಡುಗಳಿಗಿರುವ ಪುರಸಭೆಯ ನಿಯಮದಂತೆ ಗಡಿಯಿಂದ ನಾಲ್ಕೂವರೆ ಮೀಟರ್ ಬಿಟ್ಟು, ಒಂದೇ ಗೆರೆಯಲ್ಲಿ, ಎಲ್ಲವನ್ನೂ ತಲೆಕೆಳಗಾಗಿ ನೆಟ್ಟ. ಇದನ್ನೆಲ್ಲ ಜೋಲಿಯಿಂದ ನೋಡುತ್ತಿದ್ದ ಟೂರೆ ಗಟ್ಟಿಯಾಗಿ ನರಳಿದ.

ಪಕ್ಕದ ಜೋಲಿಯಲ್ಲಿದ್ದ ರೋಗಿ ಬೋದಿಲ್, ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಎಲ್ಲವನ್ನೂ ಮೇಲಿನವರಿಗೆ ತಿಳಿಸುವ ಅಭ್ಯಾಸ ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

“ಇಲ್ವಾ, ಹೆನ್ನಿಂಗ್ ಮತ್ತೆ ನರಳ್ತಿದಾನೆ. ಟೂರೆ ಕತ್ತರಿ ಹಿಡಿದಾಗ್ಲೆಲ್ಲ ಜಾಸ್ತಿ ಆಗುತ್ತೆ.”

ಟೂರೆಯ ರಕ್ತದೊತ್ತಡ ನೋಡಿದರು. ಬಂದ ದಿನ ಹೋರಿಯ ಹಾಗಿದ್ದವನಿಗೆ ಈಗ ವಾರದಿಂದ ವಾರಕ್ಕೆ ಏರುತ್ತಿತ್ತು.

ಹೆನ್ನಿಂಗನಿಗೂ ಕೆಲಸ ಏರುತ್ತಿತ್ತು. ಬೋದಿಲ್ ತನ್ನ ಜೋಲಿಯನ್ನು ಬಿಸಿಲಿಗೆ ಹಾಕು ಎಂದಳು, ಹಾಕಿದ. ಇನ್ನೊಬ್ಬರು ನೆರಳಿಗೆ ಎಂದರು, ಅದನ್ನೂ ಮಾಡಿದ. ಎಲ್ಲರಿಗೂ ಬಿಸಿಲಿನ ಜೋಲಿಯೇ ಬೇಕಾದಾಗ, ಬಟ್ಟೆ ಒಗೆಯುವ ಕೋಣೆಯ ಮಾದರಿಯಲ್ಲಿ ಜೋಲಿಗಳಿಗೂ ಒಂದು ಸರದಿ ಪಟ್ಟಿ ಬರೆದು ತೂಗುಹಾಕಿದ. ವೇಳಾಪಟ್ಟಿಗಳ ಕಾಟದಿಂದಲೇ ಕಾಯಿಲೆ ಬಿದ್ದು ಬಂದವರು ಈಗ ತಮ್ಮ ಸರದಿ ತಪ್ಪೀತೆಂದು ಬೆಳಿಗ್ಗೆ ಏಳೂವರೆಗೇ ಓಡೋಡಿ ಬರತೊಡಗಿದರು. ಜೋಲಿಯ ಹಗ್ಗಕ್ಕೆ ಹೆಸರಿಲ್ಲದ ಚೀಟಿಯೂ ಅಂಟಿಕೊಂಡಿತು: ‘ನಿನ್ನೆ ಹತ್ತರಿಂದ ಹನ್ನೊಂದರವರೆಗೆ ಮಲಗಿದ್ದವರು ಕಂಬಳಿ ಮಡಚಿಟ್ಟಿಲ್ಲ. ಇಲ್ಲಿ ನಿಮ್ಮಮ್ಮ ಕೆಲಸಕ್ಕಿಲ್ಲ.’ ಅಕ್ಷರ ಶಾಲೆಯ ಕಪ್ಪುಹಲಗೆಯ ಮೇಲಿನಂತೆ ದುಂಡಗಿತ್ತು.

ಮನೆಯಲ್ಲಿ ಡಾಗ್ನಿಗೆ ಅನುಮಾನ ಬಂದಿತ್ತು.

“ಮಲಗೋ ಚಿಕಿತ್ಸೆ ಅಂದ್ರಲ್ಲ, ಬೆನ್ನು ಯಾಕೆ ಹಿಡ್ಕೊಂಡಿದೆ?”

“ಮಲಗಿ ಮಲಗಿ.”

“ಅಂಗೈಯಲ್ಲಿ ಗುಳ್ಳೆ?”

“ಜೋಲಿ ಹಗ್ಗ ಗಟ್ಟಿಯಾಗಿ ಹಿಡ್ಕೋಬೇಕು, ಡಾಗ್ನಿ. ಇಲ್ದಿದ್ರೆ ಬಿದ್ದೋಗ್ತೀವಿ.”

ಅವಳು ಗುಳ್ಳೆಗೆ ಮುಲಾಮು ಹಚ್ಚಿದಳು.

ನಾಲ್ಕನೆಯ ವಾರದ ಗುರುವಾರ ಸಿಬ್ಬಂದಿಯ ಸಭೆ ಸೇರಿತು. ಮಾರನೆಯ ದಿನ ಕಾಯ್ಸಾ ಬರುವವಳಿದ್ದಳು. ಹೆನ್ನಿಂಗ್ ಎಂದಿನಂತೆ ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದ, ಏಕೆಂದರೆ ಯಾರೋ ಕೇಳಿದ್ದರು. ಇಲ್ವಾ ನಿಟ್ಟುಸಿರು ಬಿಟ್ಟು ಒಂದು ಕಡತವನ್ನು ಮೇಜಿನ ಮೇಲಿಟ್ಟಳು.

“ನನ್ನ ಸಿದ್ಧಾಂತ ಒಂದು ದಿನ ಮುಂಚೆ ಮುರೀತಿದೀನಿ. ಹೆನ್ನಿಂಗ್ ಸ್ಥಿತಿ ತೀರಾ ಕೆಡ್ತಿದೆ. ಡಾಕ್ಟರು ಏನು ಬರೆದಿದಾರೆ ಕೇಳಿ: ‘ಈತನಿಗೆ ಬೇಡ ಎನ್ನಲು ಬರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಕಾಲನ್ನು ಅಲ್ಲಿಟ್ಟಿದ್ದಕ್ಕೆ ತಾನೇ ಕ್ಷಮೆ ಕೇಳುತ್ತಾನೆ. ತನಗೇನು ಬೇಕು ಎಂದು ಇವನನ್ನು ಯಾರೂ ಕೇಳಿದಂತಿಲ್ಲ. ಕೇಳಿದರೂ ಇವನಿಗೆ ಗೊತ್ತಿರಲಾರದು.’”

“ಪಾಪ,” ಎಂದ ಹೆನ್ನಿಂಗ್.

ಅದು ನಿಜವಾದ ಮರುಕ. ಈ ಮನುಷ್ಯನ ಕಥೆಯನ್ನು ಅವನು ಆದಿಯಿಂದ ಅಂತ್ಯದವರೆಗೆ ಕೇಳಿದ್ದು ಇದೇ ಮೊದಲು. ಕಣ್ಣಿಂದ ಎರಡು ಹನಿ ನಡಾವಳಿಯ ಮೇಲೆ ಬಿದ್ದು, ಮೂರನೆಯ ನಿರ್ಣಯ ಅಳಿಸಿಹೋಯಿತು.

“ನೋಡಿ, ಎಷ್ಟು ಮೃದು ಮನಸ್ಸು!” ಎಂದಳು ಇಲ್ವಾ. “ಟೂರೆ, ನೀನೇ ಹೋಗಿ ಅವನ ಹತ್ರ ಮಾತಾಡು. ನನ್ನ ಮಾತು ಅವನಿಗೆ ನಾಟ್ತಿಲ್ಲ.”

ಆಗಲ್ಲ ಎನ್ನಲು ಬಾರದ ಹೆನ್ನಿಂಗ್ ಹೋದ. ಟೂರೆ ಎರಡು ಕಂಬಳಿಗಳ ಅಡಿಯಿಂದ ಅವನನ್ನೇ ದಿಟ್ಟಿಸಿದ.

“ನೀನು ಯಾರೋ?”

“ನಾನು... ಹೆನ್ನಿಂಗ್,” ಎಂದ ಹೆನ್ನಿಂಗ್. ಈ ತೋಟದಲ್ಲಿ ಅವನು ನಿಜ ಹೇಳಿದ್ದು ಅದೇ ಮೊದಲು. “ಕ್ಷಮಿಸು. ನಿನ್ನ ಏಪ್ರನ್ನು ನನ್ನ ಹತ್ರ ಇದೆ.”

“ಹೋಗಿ ಹೇಳು ಅವಳಿಗೆ.”

“ಹೇಳ್ತೀನಿ. ನಾಳೆ. ಖಂಡಿತ.”

ಟೂರೆಯ ಪಾಲಿಗೆ ಅವತ್ತಿನ ಮಾತು ಇನ್ನೊಂದೇ ಉಳಿದಿತ್ತು. “ಆ ಈರುಳ್ಳಿಯೆಲ್ಲ ತಲೆಕೆಳಗಾಗಿದೆ ಕಣೋ,” ಎಂದು ಹೇಳಿ ಆಚೆ ಮಗ್ಗುಲಿಗೆ ತಿರುಗಿದ.

ಶುಕ್ರವಾರ ಕಾಯ್ಸಾ ಹತ್ತು ಗಂಟೆಗೆ ಸರಿಯಾಗಿ ಬಂದಳು. ಮನೆಯವರೂ ಇರಬೇಕೆಂದು ಕರೆ ಬಂದಿದ್ದರಿಂದ ಡಾಗ್ನಿಯನ್ನು ಅವಳ ಅಣ್ಣ ಆಲ್ವಾರ್ ಕಾರಿನಲ್ಲಿ ಕರೆತಂದ. ಹೆನ್ನಿಂಗ್ ಇವತ್ತು ಹೇಳಿಯೇ ತೀರಬೇಕೆಂದು ಬೆಳಿಗ್ಗೆ ಇಲ್ವಾಳನ್ನು ನಾಲ್ಕು ಸಲ ಹುಡುಕಿಕೊಂಡು ಹೋಗಿದ್ದ. ನಾಲ್ಕು ಸಲವೂ ಒಂದೊಂದು ಕೆಲಸ ಹೊತ್ತು ಮರಳಿದ್ದ. ನಾಲ್ಕನೆಯದು, ಅತಿಥಿಗಳಿಗೆ ಕಾಫಿ ತರುವುದು.

ಮರದ ಕೆಳಗೆ ದುಂಡು ಮೇಜು. ಇಲ್ವಾ ಟೂರೆಯನ್ನು ತೋಳು ಹಿಡಿದು ನಡೆಸಿಕೊಂಡು ಬಂದು ಕೂರಿಸಿದಳು. ಆಮೇಲೆ ಡಾಗ್ನಿಯ ಕಡೆ ತಿರುಗಿದಳು.

“ಡಾಗ್ನಿ, ಧೈರ್ಯ ತಂದ್ಕೊಳಿ. ನಿಮ್ಮ ಗಂಡ ಸ್ವಲ್ಪ ಬದಲಾಗಿದಾನೆ.”

“ಸ್ವಲ್ಪನಾ?” ಎಂದಳು ಡಾಗ್ನಿ. “ಇವನು ಯಾರ ಗಂಡನೋ ನಂಗೊತ್ತಿಲ್ಲ. ನನ್ನ ಗಂಡ ಅಲ್ಲಿ ಕಾಫಿ ಚೆಲ್ತಿದಾನೆ.”

ಇಲ್ವಾ ಕಾಯ್ಸಾಳ ಕಿವಿಯ ಬಳಿ ಬಗ್ಗಿದಳು. “ಮನೆಯವರಿಗೂ ಹರಡುತ್ತೆ ಇದು. ಒಪ್ಕೊಳಕ್ಕೇ ಆಗಲ್ಲ ಪಾಪ.” ಅವಳು ಸನ್ನೆ ಮಾಡಿದ್ದೇ ತಡ, ಡಾಗ್ನಿಯ ತೊಡೆಯ ಮೇಲೂ ಒಂದು ಕಂಬಳಿ ಬಂದು ಬಿತ್ತು.

“ಅಲ್ಲ ಕಣಯ್ಯ ಹೆನ್ನಿಂಗ್,” ಎಂದ ಆಲ್ವಾರ್, “ಕಾಯಿಲೆ ಅಂದ್ಬಿಟ್ಟು ಇಲ್ಲಿ ಸಪ್ಲೈಯರ್ ಕೆಲಸಕ್ಕೆ ಸೇರ್ಕೊಂಡಿದೀಯಾ?”

“ಅವನು ಟೂರೆ!” ಎಂದಳು ಇಲ್ವಾ. ಅವಳ ದನಿಯಲ್ಲಿ ಇಪ್ಪತ್ಮೂರು ವರ್ಷದ ಅನುಭವ ಮೊದಲ ಬಾರಿಗೆ ಅಲುಗಿತು.

ಎಲ್ಲರೂ ಹೆನ್ನಿಂಗನ ಕಡೆ ನೋಡಿದರು. ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ. “ನಾನು ಹೆನ್ನಿಂಗ್. ನಾಲ್ಕು ವಾರದಿಂದ ಹೇಳ್ಬೇಕು ಅಂತಿದ್ದೆ. ಇಲ್ವಾ, ನೀನು ಅವತ್ತು ತುಂಬಾ ಖುಷಿಯಾಗಿದ್ದೆ.”

ಇಲ್ವಾ ಕುರ್ಚಿಗೆ ಕುಸಿದಳು. ಟೂರೆ ಎದ್ದು ತನ್ನ ಕಂಬಳಿಗಳಲ್ಲಿ ಒಂದನ್ನು ತೆಗೆದು ಅವಳಿಗೆ ಹೊದಿಸಿದ.

ಕಾಯ್ಸಾ ಮಾತ್ರ ಗಲಿಬಿಲಿಯಾಗಲಿಲ್ಲ. ಅವಳು ಕೆಟ್ಟವಳಲ್ಲ, ಆದರೆ ಅವಳ ಮುಂದೆ ನಮೂನೆಯ ಹಾಳೆಯಿತ್ತು, ಹಾಳೆಯಲ್ಲಿ ಪ್ರಶ್ನೆಗಳಿದ್ದವು.

“ಅಂದ್ರೆ ನಾಲ್ಕು ವಾರ, ದಿನಕ್ಕೆ ಎಂಟು ಗಂಟೆ ನೀವು ಕೆಲಸ ಮಾಡಿದೀರಿ. ಒಂದು ರಜೇನೂ ಹಾಕ್ದೆ. ಹಂಗಾದ್ರೆ ಕೆಲಸ ಮಾಡೋ ಶಕ್ತಿ ಇದೆ ಅಂತಾಯ್ತು. ಸೋಮವಾರದಿಂದ ಪುರಸಭೆಗೆ ಹೋಗ್ತೀರಿ, ಅಲ್ವಾ?”

ಹೆನ್ನಿಂಗನ ಮುಖದ ಮೇಲೆ ಆಗಲೇ ಒಪ್ಪಿಗೆಯ ನಗು ಮೂಡಿಯಾಗಿತ್ತು. ಡಾಗ್ನಿ ಅದನ್ನು ಮೂವತ್ತೊಂದು ವರ್ಷದಿಂದ ಕಂಡವಳು. ಅದರ ಹಿಂದೆಯೇ ಬರುವ ಮಾತೂ ಗೊತ್ತಿದ್ದರಿಂದ ತಲೆ ತಗ್ಗಿಸಿ ಮೇಜನ್ನು ನೋಡುತ್ತ ಕೂತಳು.

“ಇಲ್ಲ.”

ಹೆನ್ನಿಂಗನ ಬಾಯಿಂದ ಆ ಪದ ಎಷ್ಟು ಸಣ್ಣಗೆ ಬಂತೆಂದರೆ ಕಾಯ್ಸಾಗೆ ಕೇಳಿಸಲಿಲ್ಲ. “ಏನಂದ್ರಿ?”

“ಇಲ್ಲ. ಆಗಲ್ಲ. ಆ ಮೇಜಿಗೆ ಹೋಗಕ್ಕೆ ನಂಗೆ ಆಗಲ್ಲ.” ಅದರ ಹಿಂದೆ ಒಂದು ‘ಕ್ಷಮಿಸಿ’ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ಕಾಫಿಯ ಜೊತೆ ನುಂಗಿಕೊಂಡ.

ಕಾಯ್ಸಾ ಕಡತ ತಿರುವಿದಳು. “ಬೇಡ ಅನ್ನಕ್ಕೆ ಬರಲ್ಲ ಅಂತ ಡಾಕ್ಟರು ಬರೆದಿದಾರೆ. ಈಗ ಬಂತಲ್ಲ! ಹಂಗಾದ್ರೆ ಗುಣವಾಗಿದೆ ಅಂತ...”

“ಬರೀಬೇಡಿ!” ಇಲ್ವಾ ಕಂಬಳಿಯ ಸಮೇತ ಎದ್ದು ನಿಂತಳು. “ಅವನಿಗೆ ಚಿಕಿತ್ಸೆ ಶುರುವೇ ಆಗಿಲ್ಲ. ಜೋಲಿಗೆ ಬೆನ್ನು ತಾಗಿಸಿಲ್ಲ ಅವನು. ಗೇಟಲ್ಲೇ ಗುರುತಿಸ್ತೀನಿ ಅಂತ ಮೆರೆದವಳು ನಾನು. ತಪ್ಪು ನಂದು. ಬೇಕಿದ್ರೆ ನನ್ನ ಹೆಸರೇ ಹಾಕಿ ಬರ್ಕೊಳಿ.” ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ಆ ಮಾತು ಅವಳಿಗೆ ಸುಲಭವಾಗಿರಲಿಲ್ಲ.

“ಆದ್ರೂ ನಾಲ್ಕು ವಾರ ಕೆಲಸ ಮಾಡಿದಾರಲ್ಲ,” ಎಂದಳು ಕಾಯ್ಸಾ.

ಟೂರೆ ಗಂಟಲು ಸರಿಮಾಡಿಕೊಂಡ. “ಅದನ್ನ ಕೆಲಸ ಅಂತ ಕರೀಬೇಡಿ. ಎದ್ದು ಬಂದು ತೋಟ ನೋಡಿ.”

ಕಾಯ್ಸಾಗೆ ಊರಿನಲ್ಲಿ ಪುರಸಭೆ ಬಾಡಿಗೆಗೆ ಕೊಡುವ ಒಂದು ಸಣ್ಣ ಕೈತೋಟವಿತ್ತು. ಅದು ಸಿಗಲು ಅವಳು ಹನ್ನೊಂದು ವರ್ಷ ಸರದಿಯಲ್ಲಿ ಕಾದಿದ್ದಳು. ಟೂರೆಯ ಹಿಂದೆ ಹೋದವಳು ಬೋಳಾದ ಸೇಬಿನ ಮರಗಳನ್ನು ಕಂಡಳು. ಪಿಯೋನಿಯ ಹಾಸಿನಲ್ಲಿ ಬರಿಯ ಮಣ್ಣನ್ನು ಕಂಡಳು. ಈರುಳ್ಳಿಯ ಸಾಲಿನ ಮುಂದೆ ಮಂಡಿಯೂರಿ ಒಂದು ಗಡ್ಡೆಯನ್ನು ಬೆರಳಿನಿಂದ ಕೆದಕಿ ನೋಡಿದಳು, ಇನ್ನೊಂದನ್ನು ನೋಡಿದಳು, ಸಾಲಿನ ಕೊನೆಯದನ್ನೂ ನೋಡಿದಳು. ಮರಳಿ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು.

“ಇಷ್ಟೂ ನೀವೇ ಮಾಡಿದ್ದಾ?”

“ಹೌದು,” ಎಂದ ಹೆನ್ನಿಂಗ್.

ಕಾಯ್ಸಾ ಬರೆದಳು: ‘ಕೆಲಸ ಮಾಡುವ ಸಾಮರ್ಥ್ಯ ಯಾವ ರೀತಿಯಲ್ಲೂ ಕಂಡುಬರುವುದಿಲ್ಲ. ಸೋಮವಾರದಿಂದ ಹನ್ನೆರಡು ವಾರದ ಚಿಕಿತ್ಸೆ, ಮೊದಲಿನಿಂದ.’ ಮೊಹರು ಒತ್ತಿ, ಮಣ್ಣು ಮೆತ್ತಿದ ಕೈಯಿಂದಲೇ ಹೆನ್ನಿಂಗನ ಕೈ ಕುಲುಕಿ ಹೊರಟುಹೋದಳು.

ಹೆನ್ನಿಂಗ್ ಏಪ್ರನ್ನು ಬಿಚ್ಚಿ ಟೂರೆಗೆ ಕೊಟ್ಟ. ಟೂರೆ ಅದನ್ನು ಕಟ್ಟಿಕೊಳ್ಳುತ್ತಲೇ ಈರುಳ್ಳಿಯ ಕಡೆ ಹೆಚ್ಚುಕಡಿಮೆ ಓಡಿದ. ಆಲ್ವಾರ್ ಬಂದು ಭಾವನ ಹೆಗಲಿಗೆ ಕೈ ಹಾಕಿದ.

“ಬಚಾವಾದೆ ಬಿಡು! ಹಂಗಾದ್ರೆ ಸೋಮವಾರದ ತನಕ ನೀನು ಖಾಲಿ ತಾನೆ? ನಾಳೆ ಬೆಳಿಗ್ಗೆ ಆರಕ್ಕೆ ನನ್ನ ದೋಣಿ ನೀರಿಗಿಳಿಸ್ಬೇಕು. ತಳಕ್ಕೆ ಬಣ್ಣಾನೂ ಆಗ್ಬೇಕು, ಬ್ರಷ್ ನೀನೇ ತಂದ್ಬಿಡು.”

ಹೆನ್ನಿಂಗ್ ಅವನನ್ನು ನೋಡಿದ. ಇಲ್ಲಿ ಯಾವ ಕಡತವೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ, ಬೆಂಬಲಕ್ಕೆ ಬರುವ ಇಲ್ವಾ ಆಗಲೇ ಒಳಗೆ ಹೋಗಿದ್ದಳು. ಎದುರಿಗಿದ್ದವನು ಹೆಂಡತಿಯ ಅಣ್ಣ.

“ಬರಲ್ಲ, ಆಲ್ವಾರ್.”

ಆಲ್ವಾರ್ ಗಹಗಹಿಸಿ ನಕ್ಕ. ಹೆನ್ನಿಂಗ್ ನಗಲಿಲ್ಲ. ಆಲ್ವಾರ್ ಕೈಯನ್ನು ಹೆಗಲಿನಿಂದ ಮೆಲ್ಲಗೆ ತೆಗೆದು, ದಿಕ್ಕುತೋಚದವನಂತೆ ತಂಗಿಯ ಕಡೆ ತಿರುಗಿದ. “ಏನಂತೆ ಇವನಿಗೆ?”

ಅಂಗಡಿಯಲ್ಲಿ ಆ ಸಂಜೆ ಗಂಡನನ್ನು ಕೈಹಿಡಿದು ಹೊರಗೆ ಕರೆತಂದಾಗಲೂ ಡಾಗ್ನಿ ಅತ್ತಿರಲಿಲ್ಲ. ಈಗ ತೊಡೆಯ ಮೇಲಿದ್ದ ಕಂಬಳಿಯನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು.

“ಬರಲ್ವಂತೆ ಕಣಣ್ಣಾ,” ಎಂದಳು. “ಕೇಳಿಸ್ತಾ? ನನ್ನ ಗಂಡ ಬರಲ್ವಂತೆ.”